ಮುಳುಗುಯಂತ್ರವನ್ನು ಮನೆಯಲ್ಲಿಯೇ ಮಾಡಬಹುದೆ?

ಒಂದು ಇಕ್ಕಳ, ಒಂದು ಅರ, ಒಂದು ಬೈರಿಗೆ, ಸ್ವಲ್ಪ ಬೆಸುಗೆಯ ಸಾಮಾನು. ಇಷ್ಟರಿಂದ ನೀರಿನೊಳಗೆ ಉಸಿರಾಡುವ ಯಂತ್ರವನ್ನು ಮಾಡಲು ಸಾಧ್ಯವೆ? ಸಾಧ್ಯವೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಲೇಸು. ಎರಡನೆಯ ಮಹಾಯುದ್ಧದ ತರುವಾಯ, ೧೯೫೦ರ ದಶಕದಲ್ಲಿ, ಅಮೆರಿಕದ ಹವ್ಯಾಸಿಗಳು ಯುದ್ಧವಿಮಾನಗಳಿಂದ ಉಳಿದು ಅಗ್ಗವಾಗಿ ಮಾರಾಟವಾಗುತ್ತಿದ್ದ ಆಮ್ಲಜನಕ ನಿಯಂತ್ರಕಗಳನ್ನು ಕೊಂಡು ತಂದು, ಮನೆಯಲ್ಲಿಯೇ ಅವನ್ನು ಮುಳುಗುಯಂತ್ರಗಳನ್ನಾಗಿ ಮಾರ್ಪಡಿಸಿಕೊಂಡರು. ಇಂದು ಅಂತಹ ನಕ್ಷೆಗಳು ವಿದ್ಯಾರ್ಥಿಯ ಅಂಗೈಯಲ್ಲಿರುವ ಮೊಬೈಲಿನಲ್ಲಿಯೇ ದೊರೆಯುತ್ತವೆ. ಆದುದರಿಂದ ಈ ಯಂತ್ರವನ್ನು ಮಾಡುವುದು ಕಷ್ಟವೆಂದು ಹೆದರಿಸಿ ಯಾರನ್ನೂ ತಡೆಯಲಾಗದು. ನಮ್ಮ ಅಭಿಪ್ರಾಯದಲ್ಲಿ, ಅದು ಸುಲಭವಾಗಿರುವುದೇ ಅಪಾಯದ ಮೂಲ.

ನೀರಿನೊಳಗೆ ಉಸಿರಾಡಲು ಒಂದು ಉದ್ದವಾದ ಕೊಳವೆ ಸಾಲದೆ ಎಂದು ಅನೇಕರು ಕೇಳುವುದುಂಟು. ಸಾಲದು. ಒಂದು ಮೀಟರು ಆಳದಲ್ಲಿ ನೀರು ಪ್ರತಿ ಚದರ ಸೆಂಟಿಮೀಟರಿನ ಮೇಲೆ ೧೦೦ ಗ್ರಾಂ ಭಾರವನ್ನು ಹೇರುತ್ತದೆ. ಎದೆಯ ಮುಂಭಾಗವನ್ನು ೧,೦೦೦ ಚದರ ಸೆಂಟಿಮೀಟರೆಂದು ಎಣಿಸಿದರೆ ಒಟ್ಟು ಭಾರ ೧೦೦ ಕಿಲೋಗ್ರಾಂ ಆಯಿತು! ಕೊಳವೆಯಲ್ಲಿ ಬರುವ ಗಾಳಿಯಾದರೋ ನೀರಿನ ಮೇಲಿನ ಸಾಧಾರಣ ಒತ್ತಡದ್ದು. ಅಷ್ಟು ಭಾರವನ್ನು ಎತ್ತಿ ಎದೆಯನ್ನು ಹಿಗ್ಗಿಸುವ ಶಕ್ತಿ ನಮ್ಮ ಸ್ನಾಯುಗಳಿಗೆ ಇಲ್ಲ. ಸುತ್ತಲಿನ ನೀರಿನ ಒತ್ತಡ ಎಷ್ಟೋ ಅಷ್ಟೇ ಒತ್ತಡದ ಗಾಳಿ ಬಾಯಿಗೆ ಬಂದರೆ ಮಾತ್ರ ಉಸಿರಾಟ ಸಾಧ್ಯ.

ಈ ಸಮತೆಯನ್ನು ತಾನೇ ತಾನಾಗಿ ಒದಗಿಸುವ ನಿಯಂತ್ರಕವನ್ನು ೧೯೪೩ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ತೊ ಮತ್ತು ಇಂಜಿನಿಯರ್ ಎಮಿಲ್ ಗಾನ್ಯಾನ್ ಸಿದ್ಧಪಡಿಸಿದರು. ಪೆಟ್ರೋಲಿನ ಅಭಾವವಿದ್ದ ಆ ಯುದ್ಧಕಾಲದಲ್ಲಿ ಮೋಟಾರುಗಳನ್ನು ಅನಿಲದಿಂದ ನಡೆಸಲು ಗಾನ್ಯಾನ್ ರೂಪಿಸಿದ್ದ ಕವಾಟವೇ ಇದಕ್ಕೆ ಆಧಾರ. ಒಂದು ರಬ್ಬರಿನ ಪಟಲ, ಒಂದು ಸನ್ನೆ, ಒಂದು ಕವಾಟ: ಇದರ ಸಾರ ಇಷ್ಟೆ. ಉಸಿರೆಳೆದೊಡನೆ ಪಟಲ ಒಳಕ್ಕೆ ಬಾಗುತ್ತದೆ. ಸನ್ನೆ ಕವಾಟವನ್ನು ತೆರೆಯುತ್ತದೆ. ಬೇಕಾದಷ್ಟೇ ಗಾಳಿ ಬರುತ್ತದೆ.

ಇಷ್ಟು ಸರಳವಾದ ಯಂತ್ರವೂ ಪ್ಯಾರಿಸ್ಸಿನ ಬಳಿಯ ಮಾರ್ನ್ ನದಿಯಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ ಸೋತಿತು. ಕುಸ್ತೊ ನೆಟ್ಟಗೆ ನಿಂತಾಗ ಗಾಳಿ ವ್ಯರ್ಥವಾಗಿ ಹರಿದುಹೋಯಿತು. ತಲೆಕೆಳಗಾದಾಗ ಬರುವುದೇ ನಿಂತಿತು. ಉಸಿರು ಹೊರಹೋಗುವ ದ್ವಾರವು ಪಟಲಕ್ಕಿಂತ ಕೆಲವೇ ಅಂಗುಲ ಮೇಲೆ ಇದ್ದುದು ಇದಕ್ಕೆ ಕಾರಣ. ಆ ಕೆಲವು ಅಂಗುಲಗಳಷ್ಟು ನೀರಿನ ಒತ್ತಡದ ವ್ಯತ್ಯಾಸವೇ ಸಮತೆಯನ್ನು ಕೆಡಿಸಲು ಸಾಕಾಯಿತು. ಎರಡನ್ನೂ ಒಂದೇ ಮಟ್ಟಕ್ಕೆ ತಂದಮೇಲೆ ಯಂತ್ರ ಸರಿಹೋಯಿತು. ನೆಲದ ಮೇಲೆ ಅದನ್ನು ಸಾವಿರ ಸಲ ಪರೀಕ್ಷಿಸಿದ್ದರೂ ಈ ದೋಷ ಕಾಣುತ್ತಿರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಯಂತ್ರದ ದೋಷವನ್ನು ತಿದ್ದಬಹುದು. ದೇಹದ ನಿಯಮವನ್ನು ತಿದ್ದುವಂತಿಲ್ಲ. ೧೦ ಮೀಟರು ಆಳದಲ್ಲಿ ಒತ್ತಡವು ಮೇಲಿನದರ ಎರಡರಷ್ಟು. ಅಲ್ಲಿ ಶ್ವಾಸಕೋಶದ ತುಂಬ ಗಾಳಿಯನ್ನು ಎಳೆದುಕೊಂಡು, ಗಾಬರಿಯಿಂದ ಉಸಿರು ಕಟ್ಟಿ ಮೇಲಕ್ಕೆ ಬಂದರೆ, ಬಾಯ್ಲನ ನಿಯಮದಂತೆ ಆ ಗಾಳಿ ಎರಡರಷ್ಟು ಗಾತ್ರಕ್ಕೆ ಹಿಗ್ಗಲೆತ್ನಿಸುತ್ತದೆ. ಶ್ವಾಸಕೋಶ ಹರಿಯುತ್ತದೆ, ಗಾಳಿಯ ಗುಳ್ಳೆಗಳು ರಕ್ತವನ್ನು ಸೇರಿ ಮಿದುಳನ್ನು ಮುಟ್ಟಬಹುದು. ಒಂದೂವರೆ ಮೀಟರಿನಷ್ಟು ಅಲ್ಪ ಆಳದಿಂದ ಬಂದಾಗಲೂ ಈ ಅಪಾಯ ತಪ್ಪಿದ್ದಲ್ಲ. ನಮ್ಮ ಬಾವಿಗಳಲ್ಲಿ ಉಸಿರು ಬಿಗಿಹಿಡಿದು ಮುಳುಗುವ ಈಜುಗಾರನಿಗೆ ಇದರ ಭಯವಿಲ್ಲ. ಏಕೆಂದರೆ ಅವನ ಎದೆಯಲ್ಲಿರುವುದು ಮೇಲಿನಿಂದಲೇ ಕೊಂಡೊಯ್ದ ಗಾಳಿ. ಅವನು ಕಲಿತ ‘ಉಸಿರು ಕಟ್ಟು’ ಎಂಬ ಪಾಠವೇ ಯಂತ್ರ ಧರಿಸಿದವನಿಗೆ ಮೃತ್ಯುವಾಗುತ್ತದೆ!

ಇನ್ನು ಸಿಲಿಂಡರಿನ ವಿಚಾರ. ಅದರೊಳಗಿನ ಒತ್ತಡ ಸಾಮಾನ್ಯವಾಗಿ ವಾಯುಮಂಡಲದ ಒತ್ತಡದ ೨೦೦ರಷ್ಟು; ಅಂದರೆ ಅಂಗೈಯಗಲದ ಜಾಗದ ಮೇಲೆ ಸುಮಾರು ೨೦ ಟನ್ನು. ಒಳಗೇ ತುಕ್ಕು ಹಿಡಿದ ಹಳೆಯ ಸಿಲಿಂಡರು ಹೊರಗೆ ಹೊಸ ಬಣ್ಣದಿಂದ ಹೊಳೆಯುತ್ತಿರಬಹುದು. ಅದಕ್ಕೆ ಗಾಳಿ ತುಂಬುವ ಪಂಪಿನ ಬಳಿ ಎಂಜಿನ್ನಿನ ಹೊಗೆ ಸುಳಿದರೆ ಇಂಗಾಲದ ಮಾನಾಕ್ಸೈಡು ಗಾಳಿಯೊಡನೆ ಸೇರುತ್ತದೆ. ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯ ಬದಲು ಶುದ್ಧ ಆಮ್ಲಜನಕವನ್ನು ತುಂಬಿದರಾಯಿತೆಂದು ಬಗೆಯುವವರೂ ಇದ್ದಾರೆ. ಕೆಲವೇ ಮೀಟರು ಆಳದಲ್ಲಿ ಆ ಆಮ್ಲಜನಕವೇ ವಿಷವಾಗಿ ಸೆಳವನ್ನು ತರುತ್ತದೆ.

‘ಕುಸ್ತೊ ಮಾಡಿದ್ದೂ ಇಂತಹ ಸಾಹಸವೇ ಅಲ್ಲವೆ?’ ಎಂದು ಉತ್ಸಾಹಿಗಳು ವಾದಿಸಬಹುದು. ಹೌದು, ಆದರೆ ಅವರಿಗೆ ಬೇಕಾದ ಯಂತ್ರ ಆಗ ಸುಲಭವಾಗಿ ದೊರೆಯುತ್ತಿರಲಿಲ್ಲ. ಮೇಲಾಗಿ ಒತ್ತಡವು ದೇಹಕ್ಕೆ ಮಾಡುವ ಕೇಡನ್ನು ಪಾಲ್ ಬೆರ್ ೧೮೭೮ರಲ್ಲಿಯೇ ವಿವರಿಸಿದ್ದನು. ಆಳದಿಂದ ಹಂತಹಂತವಾಗಿ ಮೇಲೇರುವ ಕೋಷ್ಟಕಗಳನ್ನು ಹಾಲ್ಡೇನ್ ೧೯೦೮ರಲ್ಲಿ ಪ್ರಕಟಿಸಿದ್ದನು. ಇಂದು ಪರೀಕ್ಷಿತ ಯಂತ್ರಗಳೂ ಶಿಕ್ಷಕರೂ ಇದ್ದಾರೆ. ನಮ್ಮ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿಯೇ ಅನುಭವಿಗಳ ಜೊತೆ ಮುಳುಗುವ ಸೌಕರ್ಯವಿದೆ. ತಿಳಿದ ಸತ್ಯವನ್ನು ಪ್ರಾಣ ಕೊಟ್ಟು ಮತ್ತೆ ಕಂಡುಹಿಡಿಯುವುದು ಸಂಶೋಧನೆಯೆನಿಸದು.

ಹಾಗಾದರೆ ತರುಣರು ಕೈಕಟ್ಟಿ ಕುಳಿತಿರಬೇಕೆ? ಖಂಡಿತ ಬೇಡ. ಡಬ್ಬಿಯ ಬಾಯಿಗೆ ರಬ್ಬರಿನ ಪಟಲವನ್ನು ಬಿಗಿದು, ಸನ್ನೆ ಮತ್ತು ಕವಾಟವನ್ನು ಜೋಡಿಸಿ, ನಿಯಂತ್ರಕದ ಮಾದರಿಯೊಂದನ್ನು ಮಾಡಿರಿ. ಸೈಕಲ್ ಪಂಪಿನ ಗಾಳಿಯನ್ನು ಅದಕ್ಕೆ ಕೊಟ್ಟು, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಮಾರ್ನ್ ನದಿಯ ದೋಷವನ್ನು ಕಣ್ಣಾರೆ ನೋಡಿರಿ. ಒಂದು ಪ್ರನಾಳದ ಒಳಗೋಡೆಯ ಉದ್ದಕ್ಕೂ ನೀರಿನಲ್ಲಿ ಕರಗುವ ಶಾಯಿಯ ಗೆರೆಯನ್ನೆಳೆದು ಒಣಗಿಸಿರಿ. ಅದನ್ನು ಬೋರಲಾಗಿ ಕಲ್ಲಿಗೆ ಕಟ್ಟಿ, ಹಿರಿಯರೊಬ್ಬರ ಸಮ್ಮುಖದಲ್ಲಿ, ಕಟ್ಟೆಯಿರುವ ಬಾವಿಯೊಳಕ್ಕೆ ಹಗ್ಗದಿಂದ ಇಳಿಬಿಡಿರಿ. ಐದು ಮೀಟರು ನೀರಿನಲ್ಲಿ ಇಳಿಸಿದ್ದರೆ ಗೆರೆಯ ಮೂರನೆಯ ಒಂದು ಪಾಲು ಅಳಿಸಿರುತ್ತದೆ. ಹತ್ತು ಮೀಟರಾದರೆ ಅರ್ಧ. ನಿಮ್ಮ ಎದೆಗೂಡಿಗೆ ಆಗುವುದೇನೆಂಬುದನ್ನು ಆ ಗಾಜಿನ ಕೊಳವೆ ನೋವಿಲ್ಲದೆ ತಿಳಿಸುತ್ತದೆ.

ಕೈಯಿಂದ ಮಾಡಿ ಕಲಿಯುವ ವಿದ್ಯೆಯನ್ನು ನಾವು ಹಳಿಯುತ್ತಿಲ್ಲ. ಅದಕ್ಕೊಂದು ಗಡಿಯನ್ನು ಮಾತ್ರ ತೋರಿಸುತ್ತಿದ್ದೇವೆ. ರೇಡಿಯೋ ಹಾಡದಿದ್ದರೆ ಬಿಚ್ಚಿ ಮತ್ತೆ ಜೋಡಿಸಬಹುದು. ನೀರಿನೊಳಗೆ ಉಸಿರು ಕೊಡಬೇಕಾದ ಯಂತ್ರ ಕೆಟ್ಟರೆ, ಬಿಚ್ಚಿ ನೋಡಲು ಅದನ್ನು ಮಾಡಿದವನು ಇರಬೇಕಷ್ಟೆ. ಆದುದರಿಂದ ಮಾದರಿಯನ್ನು ಮನೆಯಲ್ಲಿ ಮಾಡಿರಿ. ಮುಳುಗುವಾಗ ಮಾತ್ರ ಪರೀಕ್ಷಿತವಾದ ಯಂತ್ರವನ್ನೂ ಬಲ್ಲ ಗುರುವನ್ನೂ ಆಶ್ರಯಿಸಿರಿ.