ಚೀನಾ ತೋರಿಸಿ ಶರಾವತಿ ಕೇಳುವವರಿಗೆ

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬೇಡ ಎಂದರೆ ಸಾಕು, ಅದರ ಪರ ಇರುವವರು ಚೀನಾದ ತ್ರೀ ಗಾರ್ಜಸ್ ಅಣೆಕಟ್ಟೆಯನ್ನು ಮುಂದಿಡುತ್ತಾರೆ. ಅವರ ವಾದಗಳನ್ನು ಒಂದೊಂದಾಗಿ ನೋಡೋಣ.

"ಚೀನಾದಲ್ಲಿ ಯಾರೂ ತಕರಾರು ಎತ್ತಲಿಲ್ಲ, ಅದಕ್ಕೇ 22,500 ಮೆಗಾವಾಟ್ ಸಾಧ್ಯವಾಯಿತು." ತಕರಾರು ಇತ್ತು. 1992ರಲ್ಲಿ ಅಲ್ಲಿನ ಸಂಸತ್ತಿನಲ್ಲೇ 177 ಸದಸ್ಯರು ವಿರುದ್ಧ ಮತ ಹಾಕಿದರು, 664 ಮಂದಿ ತಟಸ್ಥರಾದರು. ಸರ್ಕಾರ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಸಭೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಮುಂದೆ ಸುಮಾರು 13 ಲಕ್ಷ ಜನ ಮನೆಮಠ ಬಿಟ್ಟರು. ಪುನರ್ವಸತಿ, ಪರಿಸರ, ಭೂಕುಸಿತದ ಸಮಸ್ಯೆಗಳನ್ನು ತುರ್ತಾಗಿ ಬಗೆಹರಿಸಬೇಕೆಂದು 2011ರಲ್ಲಿ ಚೀನಾ ಸರ್ಕಾರವೇ ಒಪ್ಪಿಕೊಂಡಿತು.

"ಶರಾವತಿಯಿಂದ 2,000 ಮೆಗಾವಾಟ್ ಹೊಸ ಕರೆಂಟ್ ಬರುತ್ತದೆ." ಹೊಸದೇನೂ ಬರುವುದಿಲ್ಲ. ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಬೇಡಿಕೆ ಏರಿದಾಗ ಕೆಳಕ್ಕೆ ಬಿಡುತ್ತಾರೆ. ಎತ್ತಲು ತಗಲುವ ಕರೆಂಟ್, ಇಳಿಸಿದಾಗ ಸಿಗುವುದಕ್ಕಿಂತ ಹೆಚ್ಚು. ಹಗಲಿನ ಸೌರವಿದ್ಯುತ್ತನ್ನು ರಾತ್ರಿಗೆ ಕೂಡಿಡಬೇಕು ಎಂಬುದು ನಿಜ. ಆದರೆ ಆಂಧ್ರದ ಪಿನ್ನಾಪುರಂನಲ್ಲಿ ನದಿಗೆ ಅಡ್ಡಗಟ್ಟದೆಯೇ ಇಂಥ ಯೋಜನೆ ಮಾಡಿದ್ದಾರೆ. ಇಲ್ಲಿ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯವೇ ಏಕೆ ಬೇಕು?

"ಹೊಸ ಅಣೆಕಟ್ಟೆ ಇಲ್ಲ, ಮುಳುಗಡೆಯೂ ಇಲ್ಲ." ಎರಡೂ ಜಲಾಶಯಗಳು ಈಗಾಗಲೇ ಇವೆ, ಒಪ್ಪೋಣ. ಆದರೆ ಸುರಂಗ, ರಸ್ತೆ, ವಿದ್ಯುತ್ ಲೈನ್‌ಗಳಿಗೆ ಮರ ಕಡಿಯದೆ ಆಗುವುದಿಲ್ಲ. ಈ ಕಾಡಿನ ಸಿಂಗಳೀಕ ನೆಲಕ್ಕಿಳಿಯುವುದೇ ಅಪರೂಪ. ಕೊಂಬೆಯಿಂದ ಕೊಂಬೆಗೆ ಹೋಗುತ್ತಲೇ ಹಣ್ಣು ಹುಡುಕುತ್ತದೆ. ಕೊಂಬೆಗಳ ಸಾಲು ತುಂಡಾದರೆ ಅದರ ಗುಂಪು ಅಲ್ಲಲ್ಲೇ ಸಿಕ್ಕಿಬೀಳುತ್ತದೆ.

"ಬೀದರ್ ಜಿಲ್ಲೆಯ ರಾಜೇಶ್ವರದಲ್ಲಿ ಕೂತವರಿಗೆ ಮಲೆನಾಡಿನ ಗೊಡವೆ ಯಾಕೆ?" ನಮ್ಮ ಹೊಲದ ಪಂಪ್‌ಸೆಟ್ ತಿರುಗುವುದೂ ಅದೇ ರಾಜ್ಯದ ಗ್ರಿಡ್‌ನಿಂದ. ಕಬ್ಬಿಗೆ ನೀರು ಬಿಡಲು ರಾತ್ರಿ ತ್ರೀಫೇಸ್ ಕಾಯುತ್ತ, ಬ್ಯಾಟರಿ ಹಿಡಿದು ಬದುವಿನ ಮೇಲೆ ಓಡಾಡುವ ರೈತನಿಗೆ ಕರೆಂಟಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಮುಳುಗಡೆಯ ಬೆಲೆಯೂ ಗೊತ್ತು: ಕಾರಂಜಾ ಜಲಾಶಯದ ಸಂತ್ರಸ್ತರು ಪರಿಹಾರಕ್ಕಾಗಿ ಬೀದರಿನಲ್ಲಿ ಧರಣಿ ಕೂತಿದ್ದನ್ನು ಈ ಜಿಲ್ಲೆ ಕಂಡಿದೆ.

ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬಿ 60 ವರ್ಷ ದಾಟಿದರೂ ಮುಳುಗಡೆ ಸಂತ್ರಸ್ತರಲ್ಲಿ ಸಾವಿರಾರು ಕುಟುಂಬಗಳಿಗೆ ಉಳುವ ಭೂಮಿಯ ಹಕ್ಕುಪತ್ರ ಸಿಕ್ಕಿಲ್ಲ. ಸರ್ಕಾರ ಮೊದಲು ಆ ಹಳೆಯ ಬಾಕಿ ತೀರಿಸಲಿ. ಶರಾವತಿಯನ್ನು ಮತ್ತೊಮ್ಮೆ ಕೇಳುವ ಮುಖ ಅದಕ್ಕಿಲ್ಲ.