ಕೀಟಕ್ಕೆ ಎರೆದ ವಿಷವೂ ಶ್ರಾವಕನ ಹೊಣೆಯೂ

ಬಸದಿಗಳ ವಾರ್ಷಿಕೋತ್ಸವಗಳಲ್ಲಿ, ಪರ್ವದಿನಗಳ ಧಾರ್ಮಿಕ ಸಭೆಗಳಲ್ಲಿ ಇತ್ತೀಚೆಗೆ ಒಂದು ಮಾತು ಪದೇಪದೇ ಕೇಳಿಬರುತ್ತಿದೆ. ಜಿನರು ಎಂದೋ ಅರುಹಿದ ಸತ್ಯವನ್ನು ಆಧುನಿಕ ವಿಜ್ಞಾನ ಇಂದು ಒಪ್ಪಿಕೊಂಡಿದೆ, ಸಕಲ ಜೀವಿಗಳೂ ಸಮಾನವೆಂಬುದನ್ನು ವಂಶವಾಹಿಗಳ ಸಂಶೋಧನೆ ಸಿದ್ಧಪಡಿಸಿದೆ ಎಂಬುದೇ ಆ ಮಾತು. ಸಭೆ ಕರತಾಡನ ಮಾಡುತ್ತದೆ. ಭಾಷಣಕಾರರು ಸಂತುಷ್ಟರಾಗಿ ಕುಳಿತುಕೊಳ್ಳುತ್ತಾರೆ. ಮರುದಿನ ಬೆಳಗ್ಗೆ ಅದೇ ಶ್ರೋತೃಗಳ ತೋಟದಲ್ಲಿ ಕೂಲಿಯಾಳು ಕೀಟನಾಶಕದ ಡಬ್ಬಿಯ ಮುಚ್ಚಳ ತೆಗೆಯುತ್ತಾನೆ. ಆ ಡಬ್ಬಿಯೊಳಗಿನದು ಏನು, ಅದು ಯಾವ ಜೀವಿಯ ಯಾವ ಅಂಗವನ್ನು ಹಿಡಿಯುತ್ತದೆ ಎಂದು ವಿಚಾರಿಸುವವರಿಲ್ಲ. ಸಭೆಯ ಹೆಮ್ಮೆಯೂ ತೋಟದ ಉದಾಸೀನವೂ ಒಂದೇ ಅಜ್ಞಾನದ ಎರಡು ಮುಖಗಳು.

ಮೊದಲು ಹೆಮ್ಮೆಯ ಮಾತನ್ನೇ ಪರಿಶೀಲಿಸಬಹುದು. ವಂಶವಾಹಿ ಎಂಬುದು ಪರಮಾಣುಗಳ ಸ್ಕಂಧ. ಜೈನ ಪರಿಭಾಷೆಯಲ್ಲಿ ಅದು ಪುದ್ಗಲ. ಜೀವದ ಲಕ್ಷಣವಾದರೋ ಉಪಯೋಗ, ಅಂದರೆ ಚೈತನ್ಯ. ಪ್ರಯೋಗಾಲಯದವರು ಜೀವದ್ರವ್ಯವನ್ನು ಹುಡುಕಲೂ ಇಲ್ಲ, ಕಂಡೆವೆಂದು ಹೇಳಲೂ ಇಲ್ಲ. ಜೀವಿಗಳ ನಡುವೆ ಅವರು ಕಂಡ ಸಾಮ್ಯಕ್ಕೆ ಅವರು ಕೊಡುವ ಕಾರಣ, ಕೋಟ್ಯಂತರ ವರ್ಷಗಳ ಹಿಂದಿನ ಸಮಾನ ಪೂರ್ವಜರಿಂದ ಬಂದ ಬಳುವಳಿ. ಅದು ಆಗಮಗಳ ನಿರೂಪಣೆಯಲ್ಲ. ಎರಡನ್ನೂ ಅಂಟಿಸಿ ತೋರಿಸುವುದು ಧರ್ಮಕ್ಕೂ ನ್ಯಾಯವಲ್ಲ, ವಿಜ್ಞಾನಕ್ಕೂ ನ್ಯಾಯವಲ್ಲ. ಅಹಿಂಸೆಗೆ ಪ್ರಯೋಗಾಲಯದ ಪ್ರಮಾಣಪತ್ರ ಬೇಕೆಂದಾದರೆ, ನಾಳೆ ಅದೇ ಪ್ರಯೋಗಾಲಯ ಬೇರೊಂದು ಮಾತು ಹೇಳಿದಾಗ ಅಹಿಂಸೆಯನ್ನು ತ್ಯಜಿಸಬೇಕೇ?

ಹಾಗಾದರೆ ಈ ಸಂಶೋಧನೆಯಿಂದ ಶ್ರಾವಕನಿಗೆ ಪ್ರಯೋಜನವಿಲ್ಲವೇ? ಇದೆ. ಅದು ಧರ್ಮಕ್ಕೆ ಸಾಕ್ಷಿ ನುಡಿಯುವುದಿಲ್ಲ; ಆದರೆ ಶ್ರಾವಕನ ಒಂದು ನೆಪವನ್ನು ಕಿತ್ತುಕೊಳ್ಳುತ್ತದೆ.

1995ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ವಾಲ್ಟರ್ ಗೆಹ್ರಿಂಗ್ ಮತ್ತು ಅವರ ಸಂಗಡಿಗರು ಇಲಿಯ ಕಣ್ಣಿನ ರಚನೆಗೆ ಕಾರಣವಾದ ಒಂದು ವಂಶವಾಹಿಯನ್ನು ಹಣ್ಣುನೊಣದ ಕಾಲಿನ ಭಾಗದಲ್ಲಿ ಕಾರ್ಯಪ್ರವೃತ್ತವಾಗುವಂತೆ ಮಾಡಿದರು. ನೊಣದ ಕಾಲಿನಲ್ಲಿ ಕಣ್ಣು ಮೂಡಿತು. ಅದೂ ಇಲಿಯ ಕಣ್ಣಲ್ಲ, ನೊಣದ ಕಣ್ಣೇ. ಪಂಚೇಂದ್ರಿಯ ಜೀವಿಯ ದೇಹದಿಂದ ಬಂದ ಆದೇಶ ಚತುರಿಂದ್ರಿಯ ಜೀವಿಯ ದೇಹಕ್ಕೆ ಅರ್ಥವಾಯಿತು. ಒಂದೇ ದೇಹದ ಎಲ್ಲ ಕಣಗಳಲ್ಲಿಯೂ ಬಹುಮಟ್ಟಿಗೆ ಒಂದೇ ವಂಶವಾಹಿಗಳಿದ್ದರೂ ಯಾವುದು ಎಲ್ಲಿ, ಯಾವಾಗ ಅಭಿವ್ಯಕ್ತವಾಗುತ್ತದೆ ಎಂಬುದರ ಮೇಲೆ ಕಣ್ಣು ಕಣ್ಣಾಗುತ್ತದೆ, ಕಾಲು ಕಾಲಾಗುತ್ತದೆ. 2000ದಲ್ಲಿ ಹಣ್ಣುನೊಣದ ಸಮಗ್ರ ವಂಶವಾಹಿ ಸಂಕುಲವೂ 2001ರಲ್ಲಿ ಮನುಷ್ಯನದರ ಕರಡು ಪ್ರತಿಯೂ ಪ್ರಕಟವಾದವು. ಮನುಷ್ಯರ ರೋಗಗಳಿಗೆ ಸಂಬಂಧಿಸಿದ ವಂಶವಾಹಿಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲಿಗೆ ನೊಣದಲ್ಲಿಯೂ ಜೋಡಿ ದೊರೆಯಿತು.

ಈ ಸಂಗತಿಗೂ ಪುತ್ತೂರು, ಸುಳ್ಯ, ಕಡಬದ ತೋಟಗಳಿಗೂ ಏನು ಸಂಬಂಧ ಎಂದು ಕೇಳುವವರು ಗೇರುಗುಡ್ಡಗಳ ಚರಿತ್ರೆಯನ್ನು ನೆನೆಯಬೇಕು. ಗೇರಿನ ಚಿಗುರು ಮತ್ತು ಹೂಗೊಂಚಲಿನ ರಸ ಹೀರಿ ಒಣಗಿಸುವ ಟೀ ಸೊಳ್ಳೆಯನ್ನು ಕೊಲ್ಲಲೆಂದು ದಕ್ಷಿಣ ಕನ್ನಡದ ಗೇರು ಅಭಿವೃದ್ಧಿ ನಿಗಮದ ತೋಪುಗಳ ಮೇಲೆ 2000ದವರೆಗೆ ಸುಮಾರು ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗಡಿಯಾಚೆ ಕಾಸರಗೋಡಿನ ಎಣ್ಮಕಜೆ ಮೊದಲಾದ ಗ್ರಾಮಗಳಲ್ಲಿಯೂ ಇದೇ ನಡೆಯಿತು. ಸರ್ವೋಚ್ಚ ನ್ಯಾಯಾಲಯ 2011ರ ಮೇ ತಿಂಗಳಿನಲ್ಲಿ ಈ ವಿಷವನ್ನು ದೇಶದಾದ್ಯಂತ ನಿಷೇಧಿಸಿತು. ಅಷ್ಟರಲ್ಲಿ ಒಂದು ತಲೆಮಾರು ಹುಟ್ಟಿ ಬೆಳೆದಾಗಿತ್ತು. ಕಡಬ ತಾಲೂಕಿನ ಕೊಯಿಲದಲ್ಲಿ, ನೆರೆಯ ಬೆಳ್ತಂಗಡಿ ತಾಲೂಕಿನ ಕೊಕ್ಕಡದಲ್ಲಿ ಸಂತ್ರಸ್ತರಿಗಾಗಿ ಹಗಲು ಪಾಲನಾ ಕೇಂದ್ರಗಳನ್ನು ತೆರೆಯಬೇಕಾಯಿತು. ಸರ್ಕಾರವೇ ಸಂತ್ರಸ್ತರನ್ನು ಗುರುತಿಸಿ ಮಾಸಾಶನ ಕೊಡಬೇಕಾಯಿತು.

ಕೀಟಕ್ಕೆಂದು ಎರೆದ ವಿಷ ಮನುಷ್ಯನನ್ನೂ ತಟ್ಟಬಲ್ಲದು ಹೇಗೆ? ಉತ್ತರ ವಂಶವಾಹಿಯಲ್ಲಿದೆ. ನರಗಳಿಗೆ ಶಾಂತವಾಗೆಂದು ಸಂದೇಶ ನೀಡುವ ಗಾಬಾ ಎಂಬ ರಾಸಾಯನಿಕ ಮನುಷ್ಯನಲ್ಲಿಯೂ ಇದೆ, ಕೀಟದಲ್ಲಿಯೂ ಇದೆ. ಆ ಸಂದೇಶ ಸ್ವೀಕರಿಸಲು ನರಕಣದ ಪೊರೆಯಲ್ಲಿ ಒಂದು ಸೂಕ್ಷ್ಮ ದ್ವಾರವಿದೆ. ಎಂಡೋಸಲ್ಫಾನ್ ಆ ದ್ವಾರಕ್ಕೆ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ಕೆರಳಿದ ನರ ತಣಿಯದೆ ದೇಹ ಸೆಳವಿಗೆ ಒಳಗಾಗುತ್ತದೆ. ನೊಣದಲ್ಲಿ ಈ ದ್ವಾರವನ್ನು ಕಟ್ಟುವ ವಂಶವಾಹಿಯನ್ನು 1990ರ ದಶಕದ ಆರಂಭದಲ್ಲಿ ಗುರುತಿಸಲಾಯಿತು. ಆ ದ್ವಾರದ 302ನೆಯ ಸ್ಥಾನದಲ್ಲಿರುವ ಅಲನೀನ್ ಎಂಬ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ ಸೆರೀನ್ ಆದರೆ ಈ ವರ್ಗದ ವಿಷಗಳು ಕೀಟಕ್ಕೆ ತಗಲುವುದಿಲ್ಲ. ಕಾಫಿಕಾಯಿ ಕೊರಕವೂ ಎಂಡೋಸಲ್ಫಾನನ್ನು ಜಯಿಸಿದ್ದು ಇದೇ ವಂಶವಾಹಿಯ ಬದಲಾವಣೆಯಿಂದ. ಮನುಷ್ಯನಲ್ಲಿ ಇದೇ ಕುಲದ ದ್ವಾರಗಳ ಭಾಗಗಳನ್ನು ಕಟ್ಟುವ ವಂಶವಾಹಿಗಳು 19 ಇವೆ. ಕೀಟ ತನ್ನ ತಲೆಮಾರುಗಳನ್ನು ಬೇಗಬೇಗನೆ ದಾಟಿ ವಿಷವನ್ನು ಮೀರಿತು. ಹಟ್ಟಿಯ ಹಸುವಿಗೂ ತೊಟ್ಟಿಲ ಶಿಶುವಿಗೂ ಆ ಅವಕಾಶವಿಲ್ಲ.

ಗೃಹಸ್ಥನಿಗೆ ಉದ್ಯೋಗಿ ಹಿಂಸೆ ಅನಿವಾರ್ಯ, ಕೀಟವಾದರೋ ಕೆಳಗಿನ ಇಂದ್ರಿಯಗಣನೆಯ ಜೀವಿ ಎಂಬ ಸಮಾಧಾನ ಇಲ್ಲಿ ಕುಸಿಯುತ್ತದೆ. ಉದ್ಯೋಗಿ ಹಿಂಸೆಗೆ ಶಾಸ್ತ್ರ ತೋರಿದ ವಿನಾಯಿತಿ ಯತ್ನಾಚಾರಿಗೆ, ಎಂದರೆ ಎಚ್ಚರದಿಂದ ನಡೆಯುವವನಿಗೆ; ಕಣ್ಣು ಮುಚ್ಚಿ ನಡೆಯುವವನಿಗಲ್ಲ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣ ಹೇಳುವಲ್ಲಿ ಪ್ರಮಾದವನ್ನೇ ಮುಂದಿಟ್ಟರು. ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಹಿಂಸೆಗೆ ಸಾಧನವೆಂದು ಪರರಿಗೆ ಕೊಡಬಾರದ ವಸ್ತುಗಳ ಸಾಲಿನಲ್ಲಿ ವಿಷವನ್ನೂ ಎಣಿಸಿದ್ದಾರೆ. ಅಂಗಡಿಯಿಂದ ವಿಷ ತಂದು, ಕೈಗವಸನ್ನೂ ಕೊಡದೆ, ಅದನ್ನು ಆಳಿನ ಕೈಗಿಡುವ ಯಜಮಾನ ಈ ಮಾತನ್ನು ಎರಡು ಬಾರಿ ಓದಬೇಕು. ಆ ತೋಟ ದೇವರ ಹೆಸರಿನದಾಗಿದ್ದರೆ ಟ್ರಸ್ಟಿನವರು ಮೂರನೆಯ ಬಾರಿಯೂ ಓದಬೇಕು.

ಆಕ್ಷೇಪಗಳಿಲ್ಲದಿಲ್ಲ. ಸಿಂಪಡಣೆ ಬಿಟ್ಟರೆ ಕೊಳೆರೋಗದಿಂದ ಅಡಿಕೆ ಉದುರಿ ಹೋಗುವುದಿಲ್ಲವೇ ಎಂದು ಕೃಷಿಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅಡಿಕೆಗೆ ಹೊಡೆಯುವ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ನರವಿಷವಲ್ಲ. ಅದನ್ನೂ ಎಂಡೋಸಲ್ಫಾನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅವಿವೇಕ. ಆದರೂ ತಾಮ್ರ ಮಣ್ಣಿನಲ್ಲಿ ಉಳಿದು ಶೇಖರವಾಗುತ್ತದೆ. ಎರೆಹುಳಕ್ಕೆ ಅದು ಹಿತವಲ್ಲ. ಎಂಡೋಸಲ್ಫಾನ್ ಈಗ ಇಲ್ಲವಲ್ಲ ಎಂಬುದು ಮತ್ತೊಂದು ಮಾತು. ಇಂದು ಗೇರಿಗೆ ಬಳಸುವ ಲ್ಯಾಂಬ್ಡಾ ಸೈಹಾಲೋಥ್ರಿನ್ ನರದ ಸೋಡಿಯಂ ದ್ವಾರವನ್ನು ಹಿಡಿಯುತ್ತದೆ. ಆ ದ್ವಾರವೂ ಕೀಟ ಮತ್ತು ಮನುಷ್ಯ ಇಬ್ಬರಲ್ಲಿಯೂ ಇದೆ. ಮನುಷ್ಯನ ದ್ವಾರ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ ಎಂಬುದು ನಿಜ. ಆದರೆ ಆ ಅಂತರ ಪ್ರಮಾಣದ್ದು, ಜಾತಿಯದ್ದಲ್ಲ. ತೋಟದ ತೋಡಿನ ಮೀನಿಗೂ ಜೇನುನೊಣಕ್ಕೂ ಅಷ್ಟು ರಕ್ಷಣೆಯೂ ಇಲ್ಲ.

ತೋಟ ಬಿಡಿರೆಂದು ಯಾರೂ ಹೇಳುತ್ತಿಲ್ಲ. ಪುತ್ತೂರಿನಲ್ಲಿಯೇ 1986ರಲ್ಲಿ ಆರಂಭವಾದ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ ಇಂದು ನಿರ್ದೇಶನಾಲಯವಾಗಿ ಬೆಳೆದಿದೆ. ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರಗಳು ವಿಟ್ಲದಲ್ಲಿಯೂ ಕಡಬ ತಾಲೂಕಿನ ಕಿದುವಿನಲ್ಲಿಯೂ ಇವೆ. ಕೀಟ ಕಂಡ ಮೇಲೆ, ಅದೂ ಹಾನಿಯ ಮಟ್ಟ ಮುಟ್ಟಿದ ಮೇಲೆ ಮಾತ್ರ ಔಷಧಿ ಹೊಡೆಯುವ ಕ್ರಮವನ್ನು ಅಲ್ಲಿ ಕೇಳಿ ತಿಳಿಯಬಹುದು. ಚಗಳಿ ಇರುವೆಗಳು ಗೂಡು ಕಟ್ಟಿದ ಗೇರುಮರದಲ್ಲಿ ಟೀ ಸೊಳ್ಳೆಯ ಉಪಟಳ ತಗ್ಗುತ್ತದೆ. ಕಚ್ಚುತ್ತದೆಂದು ಆ ತ್ರೀಂದ್ರಿಯ ಜೀವಿಯನ್ನು ಸುಡುವವರು ತಮ್ಮ ಕಾವಲುಗಾರನನ್ನೇ ಸುಡುತ್ತಾರೆ. ಭೂಮಿಯುಳ್ಳ ಪ್ರತಿಯೊಂದು ಬಸದಿಯ ಟ್ರಸ್ಟು, ತನ್ನ ತೋಟಕ್ಕೆ ಯಾವ ರಾಸಾಯನಿಕ, ಎಷ್ಟು, ಯಾವ ಕಾರಣಕ್ಕೆ, ಯಾರ ಕೈಯಿಂದ ಹೋಯಿತು ಎಂಬುದನ್ನು ಜಮಾಖರ್ಚಿನಂತೆಯೇ ಬರೆದಿಟ್ಟು ವಾರ್ಷಿಕ ಸಭೆಯಲ್ಲಿ ಓದಲಿ. ಹುಂಡಿಯ ಲೆಕ್ಕ ಕೇಳುವ ಸಮಾಜ ವಿಷದ ಲೆಕ್ಕವನ್ನೂ ಕೇಳಲಿ.

ರಾತ್ರಿಭೋಜನ ತ್ಯಜಿಸಿ, ನೀರು ಸೋಸಿ ಕುಡಿಯುವ ಮನೆತನಗಳಿವು. ಸೋಸುವ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಮರಳಿ ನೀರಿಗೇ ಬಿಡುವ ಆ ಎಚ್ಚರ, ಅಂಗಳ ದಾಟಿ ಗೇರುಗುಡ್ಡವನ್ನು ಹತ್ತುವುದು ಯಾವಾಗ?