ಚಪ್ಪಾಳೆ ಅವರಿಗಿರಲಿ, ಮತ ನಮ್ಮದಾಗಿರಲಿ

ಚುನಾವಣೆ ಹತ್ತಿರವಾದಂತೆ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ತಲೆಯೆತ್ತುತ್ತದೆ: "ಅವರು ಯಾವ ಪಕ್ಷದ ಕಡೆಯವರಂತೆ?" ಇಲ್ಲಿ 'ಅವರು' ಎಂದರೆ ನಮ್ಮ ಕ್ಷೇತ್ರದ ಅಭ್ಯರ್ಥಿಯಲ್ಲ. ರಾತ್ರಿ ಊಟದ ಹೊತ್ತಿಗೆ ಕಿರುತೆರೆಯ ಮೂಲಕ ನಮ್ಮ ನಡುಮನೆಗೆ ಬಂದು, ನಗಿಸಿ, ಗದರಿಸಿ, ಬುದ್ಧಿ ಹೇಳಿ ಹೋಗುವ ಪ್ರೀತಿಯ ನಿರೂಪಕ. ನಮ್ಮ ಕೆರೆಯ ನೀರಿನ ಬಗ್ಗೆ ಕೇಳದ ನಾವು ಆ ನಿರೂಪಕನ ಮನದೊಳಗಿನ ಒಲವಿನ ಬಗ್ಗೆ ಇಷ್ಟು ಕಾತರಪಡುವುದೇಕೆ? ಈ ಕಾತರ ನಿರಪಾಯಕಾರಿಯಲ್ಲ ಎಂಬುದೇ ನನ್ನ ವಾದ.

2023ರ ವಿಧಾನಸಭಾ ಚುನಾವಣೆಯನ್ನು ನೆನೆಯೋಣ. ಆ ವರ್ಷದ ಏಪ್ರಿಲ್ 5ರಂದು ಬೆಂಗಳೂರಿನಲ್ಲಿ ನಟ ಸುದೀಪ್ ಅವರು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಪಕ್ಕದಲ್ಲಿ ಕುಳಿತು, ತಮ್ಮ ಬೆಂಬಲವನ್ನು ಪ್ರಕಟಿಸಿದರು. ತಾವು ಚುನಾವಣೆಗೆ ನಿಲ್ಲುವುದಿಲ್ಲ, ಪಕ್ಷವನ್ನೂ ಸೇರುವುದಿಲ್ಲ. ಕಷ್ಟದ ದಿನಗಳಲ್ಲಿ ಜೊತೆಗೆ ನಿಂತ ಬೊಮ್ಮಾಯಿ ಮಾಮನಿಗಾಗಿ, ಅವರು ಹೇಳಿದವರ ಪರವಾಗಿ ಪ್ರಚಾರ ಮಾಡುವೆ ಎಂಬುದು ಅವರ ಮಾತಿನ ಸಾರಾಂಶವಾಗಿತ್ತು. ಏಪ್ರಿಲ್ ಕೊನೆಯ ವಾರದಲ್ಲಿ ಅವರು ನಮ್ಮ ಜಗಳೂರಿಗೂ ಬಂದು ತೆರೆದ ವಾಹನದಲ್ಲಿ ನಿಂತು ಮತ ಯಾಚಿಸಿದರು. ಬಿಸಿಲನ್ನು ಲೆಕ್ಕಿಸದೆ ಜನ ನೆರೆದರು.

ಸುದೀಪ್ ಶಿವಮೊಗ್ಗದಲ್ಲಿ ಹುಟ್ಟಿದವರು, ನಮ್ಮ ಕಡೆಯವರೇ. 2013ರಲ್ಲಿ ಕನ್ನಡದ 'ಬಿಗ್ ಬಾಸ್' ಆರಂಭವಾದಾಗಿನಿಂದ ಅದರ ನಿರೂಪಕರು. ಆ ಕಾರ್ಯಕ್ರಮದ ಗುಣದೋಷಗಳು ಇಂದಿನ ಚರ್ಚೆಯಲ್ಲ. ಆದರೆ ಅದರಲ್ಲಿ ಅವರ ಸ್ಥಾನವೇನು ಎಂಬುದನ್ನು ಗಮನಿಸಿ. ವಾರವಿಡೀ ನಡೆದ ಜಗಳಗಳನ್ನು ವಾರಾಂತ್ಯದಲ್ಲಿ ತೂಗಿ ನೋಡಿ, ತಪ್ಪು ಮಾಡಿದವನಿಗೆ ಮುಖಕ್ಕೆ ಹೇಳಿ, ಸರಿಯಾಗಿ ನಡೆದವನಿಗೆ ಚಪ್ಪಾಳೆ ತಟ್ಟುವ ಪಂಚನ ಸ್ಥಾನ ಅದು. 'ಕಿಚ್ಚನ ಚಪ್ಪಾಳೆ' ಎಂಬ ಮಾತೇ ಮನೆಮಾತಾಗಿದೆ. ಯಾರ ಪಕ್ಷವನ್ನೂ ಹಿಡಿಯದವನು ಎಂಬ ನಂಬಿಕೆಯೇ ಆ ಚಪ್ಪಾಳೆಯ ಬೆಲೆ. ಪ್ರಚಾರ ವಾಹನವನ್ನು ಏರಿದ ದಿನ ಈ ನಂಬಿಕೆಯೂ ಅವರೊಡನೆ ಆ ವಾಹನವನ್ನು ಏರಿತು.

"ಕಲಾವಿದನೂ ಪ್ರಜೆಯಲ್ಲವೇ? ಅವನಿಗೂ ಒಂದು ಅಭಿಪ್ರಾಯ ಇರಬಾರದೇ?" ಎಂದು ನೀವು ಕೇಳಬಹುದು. ಖಂಡಿತವಾಗಿ ಇರಬಹುದು. ಪ್ರಚಾರ ಮಾಡುವ ಹಕ್ಕೂ ಸಂವಿಧಾನದತ್ತವಾದುದು. ಬಾಯಿ ಮುಚ್ಚಿಸಬೇಕೆಂದು ನಾನು ಹೇಳುತ್ತಿಲ್ಲ. ಅವರು ಕೊಟ್ಟ ಕಾರಣವನ್ನು ಪರೀಕ್ಷಿಸೋಣ ಎನ್ನುತ್ತಿದ್ದೇನೆ. ಉಪಕಾರವನ್ನು ನೆನೆಯುವುದು ದೊಡ್ಡ ಗುಣ. ಆದರೆ ಋಣ ಯಾರದೋ ತೀರಿಸುವುದೂ ಅವರದೇ ಆಗಬೇಕಲ್ಲವೇ? ತನ್ನ ಕೈಯಿಂದ, ತನ್ನ ಸಮಯದಿಂದ, ತನ್ನ ಒಂದು ಮತದಿಂದ ಋಣ ತೀರಿಸಿದರೆ ಅದು ಕೃತಜ್ಞತೆ. ಜಗಳೂರಿನ ಶೇಂಗಾ ಬೆಳೆಗಾರನ ಮತದಿಂದ ತೀರಿಸಹೊರಟರೆ ಅದು ಬೇರೆಯವರ ಗಂಟಿನಿಂದ ಕೊಟ್ಟ ದಾನ. ಇನ್ನು 'ವ್ಯಕ್ತಿಗೆ ಬೆಂಬಲ, ಪಕ್ಷಕ್ಕಲ್ಲ' ಎಂಬ ಮಾತು ಪತ್ರಿಕಾಗೋಷ್ಠಿಯಲ್ಲಿ ಚೆನ್ನಾಗಿ ಕೇಳಿಸುತ್ತದೆ. ಆದರೆ ಜಗಳೂರಿನ ಮತಯಂತ್ರದಲ್ಲಿ ಬೊಮ್ಮಾಯಿಯವರ ಹೆಸರಿರಲಿಲ್ಲ. ಅಲ್ಲಿ ಇದ್ದದ್ದು ಒಬ್ಬ ಸ್ಥಳೀಯ ಅಭ್ಯರ್ಥಿ, ಒಂದು ಪಕ್ಷದ ಚಿಹ್ನೆ.

ಒಲವನ್ನು ಹೃದಯದಲ್ಲೇ ಇಟ್ಟುಕೊಂಡವರೂ ಇದ್ದಾರೆ. 'ಕನ್ನಡದ ಕೋಟ್ಯಧಿಪತಿ'ಯನ್ನು 2012ರಿಂದ ನಡೆಸಿಕೊಟ್ಟ ಪುನೀತ್ ರಾಜ್‌ಕುಮಾರ್ ಯಾವ ಪಕ್ಷದ ಗುರುತನ್ನೂ ಧರಿಸದೆ ಬಾಳಿದರು. 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡಾಗ ಎಲ್ಲ ಪಕ್ಷಗಳ ಮನೆಗಳಲ್ಲೂ ಜನ ಅತ್ತರು. 2022ರ ನವೆಂಬರ್ 1ರಂದು ಮರಣೋತ್ತರವಾಗಿ 'ಕರ್ನಾಟಕ ರತ್ನ' ನೀಡಿದಾಗ ಯಾರೊಬ್ಬರೂ ಅದನ್ನು ಒಂದು ಪಕ್ಷದ ಗೌರವವೆಂದು ಭಾವಿಸಲಿಲ್ಲ. ಅವರ ತಂದೆ ಡಾ. ರಾಜ್‌ಕುಮಾರ್ ಚುನಾವಣಾ ರಾಜಕೀಯದ ಕರೆಗಳಿಗೆ ಓಗೊಡಲಿಲ್ಲ.

ಹಾಗಾದರೆ ಈ ಮೌನ ಹೇಡಿತನವಲ್ಲವೇ? ಅಲ್ಲ. ಅದೇ ರಾಜ್‌ಕುಮಾರ್ 1982ರಲ್ಲಿ ಗೋಕಾಕ್ ವರದಿಯ ಜಾರಿಗಾಗಿ ಊರೂರು ಸುತ್ತಿ ಕನ್ನಡಕ್ಕಾಗಿ ದನಿಯೆತ್ತಿದರು. ಮತದ ಗುಟ್ಟನ್ನು ಕಾಪಾಡುವುದು ಬೇರೆ, ನ್ಯಾಯದ ವಿಷಯದಲ್ಲಿ ಬಾಯಿ ಕಟ್ಟಿಕೊಳ್ಳುವುದು ಬೇರೆ.

ದೂರದ ಅಮೆರಿಕದಲ್ಲೂ ಇಂಥದೇ ಉದಾಹರಣೆಯಿದೆ. ಜಾನಿ ಕಾರ್ಸನ್ ಎಂಬ ನಿರೂಪಕರು 1962ರಿಂದ 1992ರವರೆಗೆ, ಮೂವತ್ತು ವರ್ಷ, ಆ ದೇಶದ ಜನರನ್ನು ತಡರಾತ್ರಿಯಲ್ಲಿ ನಗಿಸಿ ಮಲಗಿಸಿದರು. ಅಧಿಕಾರದಲ್ಲಿ ಯಾವ ಪಕ್ಷವಿದ್ದರೂ ಅಧ್ಯಕ್ಷರನ್ನು ಗೇಲಿ ಮಾಡದೆ ಬಿಡಲಿಲ್ಲ. ಆದರೆ ತಮ್ಮ ಒಲವನ್ನು ವೇದಿಕೆಯ ಮೇಲೆ ತರಲಿಲ್ಲ. ಮನರಂಜಕನು ತನ್ನ ಅಭಿಪ್ರಾಯಕ್ಕೆ ಅತಿ ಮಹತ್ವವಿದೆಯೆಂದು ಭಾವಿಸತೊಡಗುವುದು ಅಪಾಯಕಾರಿ ಎಂಬ ಅರ್ಥದ ಮಾತನ್ನು 1979ರ ಸಂದರ್ಶನವೊಂದರಲ್ಲಿ ಆಡಿದ್ದರು. 2005ರಲ್ಲಿ ಅವರು ತೀರಿಕೊಂಡರು. ಅವರು ಯಾವ ಕಡೆಯವರೆಂಬ ಜಿಜ್ಞಾಸೆ ಮಾತ್ರ ತೀರಲಿಲ್ಲ. ಸತ್ತವನ ಜೇಬನ್ನೂ ತಡಕುವ ಈ ಚಾಳಿ ನಮಗಷ್ಟೇ ಸೀಮಿತವಲ್ಲ.

ಇಷ್ಟು ಹೊತ್ತು ನಿರೂಪಕರ ಮಾತಾಯಿತು. ಈಗ ನಮ್ಮ ಮಾತಿಗೆ ಬರೋಣ. ಏಕೆಂದರೆ ದೊಡ್ಡ ತಪ್ಪು ನಮ್ಮದೇ.

ಸುದೀಪ್ ಬೆಂಬಲ ಪ್ರಕಟಿಸಿದ ಬೆನ್ನಲ್ಲೇ, ಚುನಾವಣೆ ಮುಗಿಯುವವರೆಗೆ ಅವರ ಚಿತ್ರಗಳನ್ನೂ ಕಾರ್ಯಕ್ರಮಗಳನ್ನೂ ತಡೆಹಿಡಿಯಬೇಕೆಂದು ಚುನಾವಣಾ ಆಯೋಗಕ್ಕೆ ಮನವಿ ಹೋಯಿತು. ಒಂದೇ ವರ್ಷ ಕಳೆಯಿತು. 2024ರ ಲೋಕಸಭಾ ಚುನಾವಣೆಯಲ್ಲಿ ಶಿವಮೊಗ್ಗದಿಂದ ಗೀತಾ ಶಿವರಾಜ್‌ಕುಮಾರ್ ಕಾಂಗ್ರೆಸ್ ಅಭ್ಯರ್ಥಿಯಾದಾಗ, ಪತಿ ಶಿವರಾಜ್‌ಕುಮಾರ್ ಅವರ ಚಿತ್ರಗಳನ್ನು ತಡೆಯಬೇಕೆಂದು ಬಿಜೆಪಿಯ ಕಡೆಯಿಂದ ಆಯೋಗಕ್ಕೆ ಪತ್ರ ಹೋಯಿತು. ಬಾಣ ಅದೇ, ಬಿಲ್ಲು ಹಿಡಿದ ಕೈ ಮಾತ್ರ ಬೇರೆ. ನಮ್ಮ ಕಡೆಗೆ ಬಂದರೆ 'ಪ್ರಜೆಯ ಹಕ್ಕು', ಎದುರು ಕಡೆಗೆ ಹೋದರೆ 'ಪ್ರಭಾವದ ದುರ್ಬಳಕೆ'! ಈ ಎರಡು ತಕ್ಕಡಿಗಳ ವ್ಯಾಪಾರ ನಮ್ಮ ಮನೆಗಳಲ್ಲೂ ನಡೆಯುತ್ತಿಲ್ಲವೇ? ನೆಚ್ಚಿನ ನಿರೂಪಕ ನಮ್ಮ ಪಕ್ಷದವನೆಂದು ತಿಳಿದರೆ ಅವನ ತಪ್ಪೂ ಒಪ್ಪಾಗುತ್ತದೆ. ಅಲ್ಲವೆಂದು ತಿಳಿದರೆ ನಿನ್ನೆಯವರೆಗೆ ನಕ್ಕು ನೋಡಿದ ಕಾರ್ಯಕ್ರಮವೂ ಕಹಿಯಾಗುತ್ತದೆ.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. 1951ರ ಪ್ರಜಾಪ್ರತಿನಿಧಿ ಕಾಯಿದೆಯ ಪ್ರಕಾರ, ಗುಪ್ತ ಮತದಾನದಲ್ಲಿ ಯಾರಿಗೆ ಮತ ಹಾಕಿದೆ ಎಂದು ಹೇಳುವಂತೆ ನ್ಯಾಯಾಲಯದ ಸಾಕ್ಷಿಯನ್ನೂ ಬಲವಂತಪಡಿಸುವಂತಿಲ್ಲ. ಕಾನೂನು ಇಷ್ಟು ಗೌರವದಿಂದ ಕಾಯುವ ಗುಟ್ಟನ್ನು ನಾವು ಕಟ್ಟೆಯ ಮೇಲೆ ಕುಳಿತು ಕೆದಕುತ್ತೇವೆ. ನಿರೂಪಕನನ್ನು ಕೆದಕಿದರೆ ಅವನಿಗೇನೂ ಆಗದು. ಹೆಸರಿದೆ, ಹಣವಿದೆ, ಅಭಿಮಾನಿಗಳ ಬಲವಿದೆ. ಆದರೆ ಕೆದಕುವ ಚಟ ಪರದೆಯ ಮುಂದೆಯೇ ನಿಲ್ಲುವುದಿಲ್ಲ. ಚನ್ನಗಿರಿಯ ಅಡಿಕೆ ತೋಟದಲ್ಲಿ ಕೊನೆ ಕೊಯ್ಯುವ ಕೂಲಿಯಾಳನ್ನು ತೋಟದ ಯಜಮಾನ ಅದೇ ಪ್ರಶ್ನೆ ಕೇಳುತ್ತಾನೆ. ನ್ಯಾಮತಿಯ ಬಾಡಿಗೆ ಮನೆಯಲ್ಲಿರುವವನನ್ನು ಮನೆಯ ಮಾಲೀಕ ಕೇಳುತ್ತಾನೆ. ಹೊನ್ನಾಳಿಗೆ ಹೊಸದಾಗಿ ಬಂದ ಸೊಸೆಯನ್ನು ಮಾವ ಕೇಳುತ್ತಾನೆ. ಇವರು ಏನೆಂದು ಉತ್ತರಿಸಬೇಕು? ನಿಜ ಹೇಳಿದರೆ ಕೆಲಸಕ್ಕೆ, ಮನೆಗೆ, ನೆಮ್ಮದಿಗೆ ಕುತ್ತು. ಸುಳ್ಳು ಹೇಳಿದರೆ ಮನಸ್ಸಾಕ್ಷಿಗೆ ಕುತ್ತು. 'ನಿನ್ನ ಒಲವು ಯಾವ ಕಡೆ?' ಎಂಬ ಪ್ರಶ್ನೆ ಬಲ್ಲಿದನಿಗೆ ಹರಟೆ, ಬಡವನಿಗೆ ಬೆದರಿಕೆ.

ಪ್ರಶ್ನೆ ಕೇಳುವುದು ಬೇಡವೆಂದಲ್ಲ, ಕೇಳಬೇಕಾದವರನ್ನು ಕೇಳೋಣ. ಪ್ರಚಾರಕ್ಕೆ ಬಂದವರು ಯಾರೇ ಆಗಲಿ, ನಟರಾಗಲಿ ನಿರೂಪಕರಾಗಲಿ, ವಾಹನವೇರಿದ ಮೇಲೆ ಅವರ ಒಲವು ಖಾಸಗಿಯಲ್ಲ. ಆಗ ಕೇಳಿ: ಜಗಳೂರಿನ 57 ಕೆರೆಗಳನ್ನು ತುಂಬಿಸುವ ಯೋಜನೆಯ ಬಗ್ಗೆ ನಿಮಗೇನು ಗೊತ್ತು? 2023ರ ಕೇಂದ್ರ ಮುಂಗಡಪತ್ರದಲ್ಲಿ ಭದ್ರಾ ಮೇಲ್ದಂಡೆಗೆ ಘೋಷಿಸಿದ 5,300 ಕೋಟಿ ರೂಪಾಯಿಯ ಲೆಕ್ಕವೇನು? ಚನ್ನಗಿರಿಯ ಶಾಂತಿಸಾಗರದ ಹೂಳಿಗೆ ನಿಮ್ಮ ಅಭ್ಯರ್ಥಿಯ ಪರಿಹಾರವೇನು? ಉತ್ತರ ಬಂದರೆ ಕೇಳಿಸಿಕೊಳ್ಳೋಣ. ಕೈಬೀಸುವಿಕೆ ಮಾತ್ರ ಬಂದರೆ ಕೈಬೀಸಿ ಮನೆಗೆ ಮರಳೋಣ.

ನಮ್ಮ ಜನರಿಗೆ ಈ ವಿವೇಕ ಇಲ್ಲದಿಲ್ಲ. 2018ರಲ್ಲಿ ಚನ್ನಗಿರಿ, ನ್ಯಾಮತಿಯನ್ನೊಳಗೊಂಡ ಹೊನ್ನಾಳಿ ಮತ್ತು ಜಗಳೂರು, ಮೂರೂ ಕ್ಷೇತ್ರಗಳಲ್ಲಿ ಬಿಜೆಪಿ ಗೆದ್ದಿತ್ತು. 2023ರ ಮೇ 13ರಂದು ಮತ ಎಣಿಸಿದಾಗ ಮೂರರಲ್ಲೂ ಕಾಂಗ್ರೆಸ್ ಗೆದ್ದಿತು. ಸುದೀಪ್ ಬಂದುಹೋದ ಜಗಳೂರೂ ಅದರಲ್ಲಿ ಸೇರಿತ್ತು. ಫಲಿತಾಂಶ ಸರಿಯೋ ತಪ್ಪೋ ಎಂಬುದು ನನ್ನ ವಿಷಯವಲ್ಲ. ನಾಳೆ ಅದು ಮತ್ತೆ ತಿರುಗಬಹುದು. ಅಂದು ಬೀದಿಯಲ್ಲಿ ನೆರೆದವರಲ್ಲಿ ಅನೇಕರು ನೋಡಲು ಬಂದಿದ್ದರೇ ಹೊರತು ಒಪ್ಪಿಸಲು ಬಂದಿರಲಿಲ್ಲ ಎಂಬುದಷ್ಟೇ ಮುಖ್ಯ. ಅದೇ ವರ್ಷದ ಅಕ್ಟೋಬರಿನಲ್ಲಿ 'ಬಿಗ್ ಬಾಸ್' ಮರಳಿ ಬಂದಾಗ ಎರಡೂ ಪಕ್ಷಗಳ ಮನೆಗಳು ಅದನ್ನು ನೋಡಿದವು. ಪ್ರೀತಿ ಬೇರೆ, ಮತ ಬೇರೆ ಎಂಬ ಅಂತರವನ್ನು ಹಳ್ಳಿಯ ಮತದಾರ ಪಕ್ಷಗಳ ತಂತ್ರಗಾರರಿಗಿಂತ ಚೆನ್ನಾಗಿ ಬಲ್ಲ.

ಆದ್ದರಿಂದ, ಪ್ರಿಯ ಓದುಗರೇ, ಮುಂದಿನ ಚುನಾವಣೆಗೆ ಮುನ್ನ ಒಂದು ಸಣ್ಣ ವ್ರತವನ್ನು ಕೈಗೊಳ್ಳಿ. ಮನೆಯಲ್ಲಿ ರಾಜಕೀಯ ಧಾರಾಳವಾಗಿ ಮಾತನಾಡಿ; ನೀರು, ಬೆಲೆ, ಶಾಲೆ, ಆಸ್ಪತ್ರೆಗಳ ಬಗ್ಗೆ ಬಿರುಸಾಗಿಯೇ ವಾದಿಸಿ. ಆದರೆ ನಿಮ್ಮ ಹೆಂಡತಿಯನ್ನು, ಮಗನನ್ನು, ಸೊಸೆಯನ್ನು, ಆಳನ್ನು, 'ನೀನು ಯಾರಿಗೆ ಹಾಕಿದೆ?' ಎಂದು ಕೇಳಬೇಡಿ. ತೆರೆಯ ಮೇಲಿನ ಪ್ರೀತಿಪಾತ್ರರು ಹೇಳದೆ ಇಟ್ಟುಕೊಂಡದ್ದನ್ನು ಕೆದಕಬೇಡಿ. ಹೇಳಿದರೆ, ಕೇಳಿದಷ್ಟಕ್ಕೇ ಪಾಲಿಸಬೇಡಿ. ಮತಗಟ್ಟೆಯ ರಟ್ಟಿನ ಮರೆಯ ಹಿಂದೆ ಒಬ್ಬರಿಗೆ ಮಾತ್ರ ಜಾಗವಿರುವುದು ಸುಮ್ಮನಲ್ಲ.